ಮುಂದಕ್ಕೆ ಒಂದೇ ಗೇರು

ನಮ್ಮ ಪಿಕಪ್‌ನ ಹಳೆಯ ಎಂಜಿನ್ ಬಿರುಕು ಬಿಟ್ಟ ದಿನ ಅಣ್ಣ ಊಟ ಮಾಡಲಿಲ್ಲ. ಅತ್ತಿಗೆ ಫೋನ್ ಮಾಡಿ, "ನಿಮ್ಮಣ್ಣ ತಟ್ಟೆ ಮುಂದೆ ಕೂತ್ಕೊಂಡು ಅನ್ನಾನೇ ನೋಡ್ತಾ ಅವ್ರೆ, ಒಂದ್ಗಳಿಗೆ ಬಂದೋಗಮ್ಮ" ಎಂದಳು. ನಾನು ಮದುವೆಯಾಗಿ ದೂರವೇನೂ ಹೋದವಳಲ್ಲ, ದೊಡ್ಡಬಳ್ಳಾಪುರದ ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆ. ಹೋದೆ, ಹೋದವಳೇ ಬೈದೆ. ಅರವತ್ತು ದಾಟಿದ ಗಂಡಸು ಒಂದು ಕಬ್ಬಿಣದ ತುಂಡಿಗಾಗಿ ಉಪವಾಸ ಕೂರುವುದೇ ಎಂದೆ. ಆ ಮಾತು ತಪ್ಪು ಎಂದು ಆಡುವಾಗಲೇ ಗೊತ್ತಿತ್ತು. ಆದರೆ ನನ್ನ ಬಾಯಿ ಯಾವತ್ತು ನನ್ನನ್ನು ಕೇಳಿ ತೆರೆದಿದೆ?

ಅಣ್ಣನ ಎಡಗಾಲು ಮೂರನೇ ವಯಸ್ಸಿನಲ್ಲೇ ಪೋಲಿಯೋಗೆ ಹೋಯಿತು. ತೊಡೆಯಿಂದ ಕೆಳಗೆ ಎರಡೂ ಕಡೆ ಕಬ್ಬಿಣದ ಪಟ್ಟಿ, ಅಡಿಯಲ್ಲಿ ಎತ್ತರದ ಅಟ್ಟೆಯ ಬೂಟು. ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಾನೆ, ಬೀದಿಯಲ್ಲಿ ಯಾರದಾದರೂ ಭುಜ ಹಿಡಿದು. ಆ ಭುಜ ಹೆಚ್ಚಾಗಿ ನನ್ನದು. ಶಾಲೆಗೆ ಹೋಗುವಾಗ ಅವನ ಕೈ ಬಿದ್ದು ಬಿದ್ದು ನನ್ನ ಬಲಭುಜ ಸ್ವಲ್ಪ ಇಳಿಬಿದ್ದಿದೆ ಎಂದು ನನ್ನ ಗಂಡ ಇವತ್ತಿಗೂ ರೇಗಿಸುತ್ತಾರೆ.

ಪಿಕಪ್ಪನ್ನು ಅಪ್ಪ ಕೊಂಡಾಗಲೇ ಅದು ಮುದಿಯಾಗಿತ್ತು. ಉಬ್ಬಿದ ಮೂತಿ, ದುಂಡು ದೀಪ, ಸ್ಟೇರಿಂಗ್ ಪಕ್ಕದಲ್ಲೇ ಗೇರಿನ ಹಿಡಿ. ಅಪ್ಪ ಹೋದಮೇಲೆ ಅದನ್ನು ಮಾರಿಬಿಡೋಣ ಎಂದು ಮನೆಯವರೆಲ್ಲ ಮಾತಾಡಿಕೊಳ್ಳುತ್ತಿದ್ದಾಗ ನಮ್ಮ ಮಗ್ಗಗಳನ್ನು ರಿಪೇರಿ ಮಾಡುವ ಮೇಸ್ತ್ರಿ ಒಂದು ಕೆಲಸ ಮಾಡಿದರು. ಮುರಿದ ಪವರ್‌ಲೂಮಿನಿಂದ ಮಗ್ಗ ಚಾಲೂ ಮಾಡುವ ಹ್ಯಾಂಡಲ್ಲನ್ನು ಬಿಚ್ಚಿ ತಂದು, ಸ್ಟೇರಿಂಗಿನ ಬದಿಗೆ ಕೂರಿಸಿ, ಅದಕ್ಕೆ ಕ್ಲಚ್ಚಿನ ತಂತಿ ಎಳೆದು ಕಟ್ಟಿದರು. ಎಡಗಾಲಿನ ಕೆಲಸ ಎಡಗೈಗೆ ಬಂತು. ಒಂದೇ ವಾರದಲ್ಲಿ ಅಣ್ಣ ಡ್ರೈವರ್ ಆದ. ಅವತ್ತಿನಿಂದ ಆ ಮೇಸ್ತ್ರಿ ನಮ್ಮ ಮನೆಯಲ್ಲಿ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ.

ನಮ್ಮದು ಸೀರೆ ನೇಯಿಸುವ ಕಸುಬು. ಸುತ್ತಲ ಹಳ್ಳಿಗಳಲ್ಲಿ ಮನೆಯಲ್ಲೇ ಒಂದೆರಡು ಮಗ್ಗ ಇಟ್ಟುಕೊಂಡವರಿಗೆ ನೂಲು ಕೊಟ್ಟು, ನೇಯ್ದ ಸೀರೆ ವಾಪಸ್ಸು ತರುವುದು. ಬೇರೆಯವರೆಲ್ಲ ನೇಯುವವರ ಮನೆಯೊಳಗೆ ಹೋಗಿ ಮಗ್ಗದ ಪಕ್ಕ ಕುರ್ಚಿ ಹಾಕಿಸಿಕೊಂಡು ಕಾಫಿ ಕುಡಿಯುತ್ತಾರೆ. ಅಣ್ಣ ಇಳಿಯುತ್ತಿರಲಿಲ್ಲ. ಬಾಗಿಲ ಮುಂದೆ ಗಾಡಿ ನಿಲ್ಲಿಸಿ ಎರಡು ಸಲ ಹಾರನ್ ಹೊಡೆದರೆ ಮನೆಯವರೇ ಸೀರೆ ಹೊತ್ತು ಕಿಟಕಿಗೆ ಬರುತ್ತಿದ್ದರು. ಅವನು ಸೀರೆಯನ್ನು ಸ್ಟೇರಿಂಗಿನ ಮೇಲೆ ಹರಡಿ, ಮುಂದಿನ ಗಾಜಿನ ಬೆಳಕಿಗೆ ಹಿಡಿದು, ತಪ್ಪಿದ ಎಳೆಯನ್ನು ಉಗುರಿನಿಂದ ತೋರಿಸುತ್ತಿದ್ದ. ಬಿಸಿಲಿರಲಿ, ಮಳೆಯಿರಲಿ, ವ್ಯವಹಾರವೆಲ್ಲ ಕಿಟಕಿಯಲ್ಲೇ. ಕಿಟಕಿಯಿಂದ ಕಾಣುವ ನನ್ನಣ್ಣ ಅಗಲ ಭುಜದ, ದಪ್ಪ ಮೀಸೆಯ, ಗದರಿಸಿ ಮಾತಾಡುವ ಯಜಮಾನ. ಆ ಹಳ್ಳಿಗಳಲ್ಲಿ ತನ್ನ ಕಾಲಿನ ವಿಷಯ ಯಾರಿಗೂ ಗೊತ್ತಿಲ್ಲ ಎಂದು ಅವನು ನಂಬಿದ್ದ.

ಗೊತ್ತಿತ್ತು. ಹೇಳಿದವಳು ನಾನೇ. ಮೊದಲ ವರ್ಷ ಜೊತೆಗೆ ಹೋಗುತ್ತಿದ್ದಾಗ ಒಂದು ಮನೆಯ ಹೆಂಗಸು, "ಏನ್ ನಿಮ್ಮಣ್ಣಂಗೆ ಅಷ್ಟೊಂದು ಠೇಂಕಾರ, ಕೆಳಕ್ಕೆ ಇಳಿಯಾಕೂ ಆಗಲ್ವಾ?" ಎಂದಳು. ನನಗೆ ಸಿಟ್ಟು ಬಂತು. ನೀರು ಕುಡಿಯುವ ನೆಪದಲ್ಲಿ ಅವಳ ಅಡುಗೆಮನೆಗೇ ಹೋಗಿ ಹೇಳಿಬಿಟ್ಟೆ, ಯಾವ ಕಾಲು, ಎಂಥ ಕಬ್ಬಿಣ ಎಲ್ಲವನ್ನೂ. ಅವನೆದುರು ತೋರಿಸಿಕೊಳ್ಳಬೇಡಿ ಎಂದು ಆಣೆ ಹಾಕಿಸಿಕೊಂಡೆ. ಇನ್ನೊಂದು ಊರಲ್ಲೂ ಹೀಗೇ ಹೇಳಿದೆ. ಮಿಕ್ಕ ಊರುಗಳಿಗೆ ಅದು ತಾನಾಗಿ ಹೋಗಿರಬೇಕು, ಏಕೆಂದರೆ ಆಮೇಲೆ ಯಾರೂ ಅವನನ್ನು ಇಳಿಯಿರಿ ಎನ್ನಲಿಲ್ಲ. ಹಾರನ್ ಹೊಡೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿರುತ್ತಿದ್ದರು. ಅದೆಲ್ಲ ತನ್ನ ಗತ್ತಿಗೆ ಸಿಕ್ಕ ಮರ್ಯಾದೆ ಎಂದುಕೊಂಡು ಅಣ್ಣ ಇಪ್ಪತ್ತೈದು ವರ್ಷ ಸುಖವಾಗಿದ್ದ.

ಹೀಗಿರುವಾಗ ಎಂಜಿನ್ ಸೀಳಿಹೋಯಿತು. ಅಂಥ ಎಂಜಿನ್ ಈಗ ಎಲ್ಲೂ ಇಲ್ಲ. ಬೆಂಗಳೂರಿನಿಂದ ಹಳೇ ಗಾಡಿಗಳ ಹುಚ್ಚಿನ ಇಬ್ಬರು ಬಂದು, ಸುತ್ತ ತಿರುಗಿ ಫೋಟೋ ತೆಗೆದುಕೊಂಡು, "ಬೇರೆ ಎಂಜಿನ್ ಮಾತ್ರ ಹಾಕ್ಬೇಡಿ ಸರ್, ಒರಿಜಿನಾಲಿಟಿನೇ ಹೋಗ್ಬಿಡುತ್ತೆ" ಎಂದು ಬುದ್ಧಿ ಹೇಳಿ ಹೋದರು. ಹಾಗಾದರೆ ಏನು ಹಾಕಬೇಕು ಎಂದು ಕೇಳಿದ್ದಕ್ಕೆ ಇನ್ನೂ ಎರಡು ಫೋಟೋ ತೆಗೆದುಕೊಂಡಿದ್ದರು, ಅಷ್ಟೇ. ಅಣ್ಣನ ಮಗ ಪಕ್ಕಕ್ಕೆ ಎರಡು ಚಿಕ್ಕ ಚಕ್ರ ಇರುವ ಸ್ಕೂಟರ್ ತಂದುಕೊಟ್ಟ. ಅಣ್ಣ ಅದರಲ್ಲಿ ಬೀದಿ ಕೊನೆಯವರೆಗೆ ಹೋಗಿ ಬಂದ. "ಇದ್ರಲ್ಲಿ ಹೋದ್ರೆ ಜನಕ್ಕೆ ಮೊದ್ಲು ನನ್ ಕಾಲು ಕಾಣ್ತದೆ, ಆಮೇಲೆ ನಾನು" ಎಂದ. ಮತ್ತೆ ಅದನ್ನು ಹತ್ತಲಿಲ್ಲ.

ಸೋಂಪುರದ ಕಡೆ ಮುಚ್ಚಿದ ಒಂದು ಫ್ಯಾಕ್ಟರಿಯ ಜನರೇಟರಿಗೆ ಇದ್ದ ಡೀಸೆಲ್ ಎಂಜಿನ್ ಮಾರಾಟಕ್ಕಿದೆ ಎಂದು ಪತ್ತೆ ಮಾಡಿದವರು ಅದೇ ಮಗ್ಗದ ಮೇಸ್ತ್ರಿ. ಅವರಿಗೀಗ ಎಪ್ಪತ್ತೈದರ ಮೇಲೆ. "ಸುತ್ತೋದು ತಾನೇ ಎಂಜಿನ್ ಕೆಲ್ಸ? ಮಗ್ಗ ಸುತ್ತಿಸ್ದೋನಿಗೆ ಗಾಡಿ ಸುತ್ತಿಸಕ್ಕಾಗಲ್ವಾ? ಕೂರಿಸ್ತೀನಿ ಬಿಡಪ್ಪ" ಎಂದರು. ಗಾಡಿ ಮೆಕ್ಯಾನಿಕ್ಕುಗಳು ಯಾರೂ ಮುಟ್ಟುವುದಿಲ್ಲ ಎಂದಿದ್ದರು. ಒಪ್ಪಿದವರು ಇವರೊಬ್ಬರೇ. ನಾವು ಬೇಡ ಎನ್ನುವ ಸ್ಥಿತಿಯಲ್ಲಿರಲಿಲ್ಲ.

ಮೂರು ವಾರ ನಮ್ಮ ಅಂಗಳ ಗ್ಯಾರೇಜಾಯಿತು. ಲೇತ್ ಅಂಗಡಿಯಲ್ಲಿ ದಪ್ಪ ತಟ್ಟೆ ಕಡೆಸಿ ತಂದು ಹೊಸ ಎಂಜಿನ್ನನ್ನು ಹಳೆಯ ಗೇರ್‌ಬಾಕ್ಸಿಗೆ ಸೇರಿಸಿದರು. ರೇಡಿಯೇಟರನ್ನು ನಾಲ್ಕು ಬೆರಳು ಮುಂದಕ್ಕೆ ತಳ್ಳಿದರು. ಬಾನೆಟ್ ಮುಚ್ಚಲಿಲ್ಲ, ಅದನ್ನೂ ಕತ್ತರಿಸಿದರು. ಅಣ್ಣ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಒಂದೊಂದು ಬೋಲ್ಟು ಬಿಗಿದಾಗಲೂ ತಾನೇ ಬಿಗಿದಂತೆ ಹಲ್ಲು ಕಚ್ಚುತ್ತಿದ್ದ.

ಎಂಜಿನ್ ಮೊದಲು ಚಾಲೂ ಆದ ದಿನ ನಾನು ಅಲ್ಲೇ ಇದ್ದೆ. ಬಾನೆಟ್ ತೆರೆದಿತ್ತು. ಹಳೇ ಎಂಜಿನ್ನಿಗೆ ನೀರು ಹಾಕುವ ಕೆಲಸ ವರ್ಷಗಟ್ಟಲೆ ನನ್ನದೇ ಆಗಿದ್ದರಿಂದ ಫ್ಯಾನು ಯಾವ ಕಡೆ ಸುತ್ತುತ್ತದೆಂದು ನನ್ನ ಕಣ್ಣಿಗೆ ಗೊತ್ತು. ಇದು ಆ ಕಡೆ ಸುತ್ತುತ್ತಿರಲಿಲ್ಲ.

"ಮೇಸ್ತ್ರೀ, ಇದು ಉಲ್ಟಾ ಸುತ್ತತಾ ಐತಲ್ಲ?" ಎಂದೆ.

"ಸುತ್ಲಿ ಬಿಡವ್ವ. ತಿರುಗ್ಸೋದೇನು ಮಹಾ, ಆಮೇಲೆ ನೋಡ್ಕೊಂಡ್ರಾಯ್ತು" ಎಂದರು.

ನಾನು ತಲೆಯಾಡಿಸಿದೆ. ಇದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ನಮ್ಮ ಬೀದಿಯಲ್ಲಿ ಕರೆಂಟಿನವರು ಕಂಬ ಹತ್ತಿ ಲೈನು ರಿಪೇರಿ ಮಾಡಿ ಇಳಿದರೆ ಎಷ್ಟೋ ಸಲ ಎಲ್ಲರ ಮಗ್ಗದ ಮೋಟರುಗಳೂ ಹಿಂದುಮುಂದಾಗಿ ಸುತ್ತಲು ಶುರುಮಾಡುತ್ತವೆ. ಯಾರೂ ಗಾಬರಿಯಾಗುವುದಿಲ್ಲ. ಮೇನ್ ಆಫ್ ಮಾಡಿ, ಮೂರು ವೈರಿನಲ್ಲಿ ಎರಡನ್ನು ಅದಲು ಬದಲು ಮಾಡಿದರೆ ಮೋಟರು ಸರಿಯಾಗುತ್ತದೆ. ನಾನೇ ನೂರು ಸಲ ಮಾಡಿದ್ದೇನೆ. ಸುತ್ತುವ ದಿಕ್ಕು ಎಂಬುದು ಮಗ್ಗದವರಿಗೆ ಒಂದು ಸಮಸ್ಯೆಯೇ ಅಲ್ಲ. ಹಾಗಾಗಿ ಮೇಸ್ತ್ರಿ, ಅಣ್ಣ, ನಾನು, ಬೇಲಿಯಾಚೆ ನಿಂತು ನೋಡುತ್ತಿದ್ದ ಬೀದಿಯವರು, ಇಷ್ಟೂ ಜನ ನೇಕಾರರು ಕೂಡಿ ಡೀಸೆಲ್ ಎಂಜಿನ್ನಿಗೂ ಎಲ್ಲೋ ಎರಡು ವೈರು ಇರುತ್ತದೆ ಎಂದು ನಂಬಿದೆವು.

ಶುಕ್ರವಾರ ಪೂಜೆ. ನಾಲ್ಕೂ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟರು. ಅಣ್ಣ ಬಿಳಿ ಅಂಗಿ ಹಾಕಿಕೊಂಡು ಹತ್ತಿ ಕೂತ, ಹ್ಯಾಂಡಲ್ ಹಿಡಿದ, ಮೊದಲನೇ ಗೇರು ಹಾಕಿದ, ನಿಧಾನವಾಗಿ ಬಿಟ್ಟ. ಗಾಡಿ ಹಿಂದಕ್ಕೆ ಹೋಗಿ, ಮನೆ ಗೋಡೆಗೆ ಒರಗಿಸಿದ್ದ ಬಣ್ಣದ ಡ್ರಮ್ಮನ್ನು ಗುದ್ದಿ ನಿಂತಿತು. ಗೇರು ತಪ್ಪಿರಬೇಕೆಂದು ಎರಡನೆಯದು ಹಾಕಿದ. ಅದೂ ಹಿಂದಕ್ಕೆ. ಮೂರು, ನಾಲ್ಕು, ಎಲ್ಲವೂ ಹಿಂದಕ್ಕೆ. ಕೊನೆಗೆ ರಿವರ್ಸ್ ಹಾಕಿದಾಗ ಗಾಡಿ ಒಂದು ಮೊಳ ಮುಂದೆ ಬಂತು. ನಿಂಬೆಹಣ್ಣುಗಳು ನಾಲ್ಕೂ ಇಟ್ಟಲ್ಲೇ ಇದ್ದವು. ಬೇಲಿಯಾಚೆ ಯಾರೋ ನಕ್ಕರು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಅಣ್ಣನ ಮುಖ ನೋಡಿದ ಮೇಲೆ ನಿಂತಿತು.

ಮೇಸ್ತ್ರಿ ಎಂಜಿನ್ನಿನ ಸುತ್ತ ಎರಡು ಸುತ್ತು ಬಂದರು. ಬಗ್ಗಿ ನೋಡಿದರು, ಪೈಪು ಮುಟ್ಟಿದರು. ಅದಲು ಬದಲು ಮಾಡಲು ಏನೂ ಇರಲಿಲ್ಲ. ಕೆಲವು ಎಂಜಿನ್ನುಗಳು ಹುಟ್ಟುತ್ತಲೇ ಆ ಕಡೆಗೆ ಸುತ್ತುವಂತೆ ಇರುತ್ತವಂತೆ. ಜನರೇಟರಿಗೆ ಎತ್ತ ಸುತ್ತಿದರೂ ನಡೆಯುತ್ತದೆ. ಅವರು ಅಂಗಳದ ಕಲ್ಲಿನ ಮೇಲೆ ಕೂತು, ಕೈ ಒರೆಸಿಕೊಳ್ಳುವ ಬಟ್ಟೆಯನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದರು. "ತಪ್ಪಾಗೋಯ್ತು ಕಣಪ್ಪ" ಎಂದು ಅಣ್ಣನಿಗೆ ಹೇಳಿದರು. ಆಮೇಲೆ ಅವರು ನಮ್ಮ ಬೀದಿಗೆ ಬರಲಿಲ್ಲ. ನನಗೆ ಅವರನ್ನು ಬೈಯಬೇಕೆನಿಸಿತು, ಆದರೆ ಫ್ಯಾನು ನೋಡಿ ಸುಮ್ಮನಾದವಳು ನಾನೂ ಅಲ್ಲವೇ? ನಾನು ಬಾಯಿ ಜೋರು ಮಾಡಬೇಕಾಗಿದ್ದ ಒಂದೇ ಒಂದು ಸಂದರ್ಭದಲ್ಲಿ ಮಾಡಿರಲಿಲ್ಲ.

ಹೊಸಕೋಟೆಯಿಂದ ಲಾರಿ ಆಕ್ಸಲ್ ಕೆಲಸದವನೊಬ್ಬನನ್ನು ಕರೆಸಿದೆವು. ಗಾಡಿ ಕೆಳಗೆ ಮಲಗಿ ನೋಡಿ ಎದ್ದು ಬಂದು, ಹಿಂದಿನ ಆಕ್ಸಲ್ಲನ್ನೇ ಪೂರ್ತಿ ಬಿಚ್ಚಿ ತಲೆಕೆಳಗು ಮಾಡಿ ಕೂರಿಸಿದರೆ ಚಕ್ರ ಸರಿಯಾದ ಕಡೆ ಸುತ್ತುತ್ತದೆ ಎಂದ. "ಆದ್ರೆ ನನ್ ಕೈಲಿ ನಾಲ್ಕು ಲಾರಿ ಅವೆ ಗುರು, ಒಂದ್ ತಿಂಗ್ಳು ಬಿಟ್ಟು ಬರ್ತೀನಿ. ಅಲ್ಲಿಗಂಟ ರಿವರ್ಸ್ ಗೇರಲ್ಲಿ ರೋಡಿಗೆ ಇಳಿಸ್ಬೇಡಿ. ಆ ಗೇರಿನ ಹಲ್ಲು ದೂರ ಓಡಕ್ಕೆ ಮಾಡಿದ್ದಲ್ಲ" ಎಂದು ಎಚ್ಚರಿಸಿಯೂ ಹೋದ. ಅಣ್ಣ ತಲೆಯಾಡಿಸಿದ. ಮಾರನೇ ದಿನದಿಂದ ಅಂಗಳದಲ್ಲಿ ಆ ಗೇರಿನಲ್ಲೇ ಮುಂದಕ್ಕೆ ಹೋಗುವುದನ್ನು ಅಭ್ಯಾಸ ಮಾಡತೊಡಗಿದ.

ಅಷ್ಟರಲ್ಲಿ ಹಳ್ಳಿಯಿಂದ ಫೋನು ಬಂತು. ನಾನು ಮೊದಲ ವರ್ಷ ಅಡುಗೆಮನೆಯಲ್ಲಿ ಗುಟ್ಟು ಹೇಳಿದ್ದೆನಲ್ಲ, ಅದೇ ಮನೆ. ಆ ಹೆಂಗಸಿಗೆ ಈಗ ವಯಸ್ಸಾಗಿದೆ, ಮಗ್ಗ ನೋಡಿಕೊಳ್ಳುವವನು ಮಗ. ಸೀರೆ ತುಂಬಿಹೋಗಿವೆ, ನೀವು ತಿಂಗಳಿಂದ ಬರಲಿಲ್ಲ, ಬುಧವಾರ ಆಟೋದಲ್ಲಿ ಹಾಕಿಕೊಂಡು ನಾವೇ ನಿಮ್ಮ ಮನೆಗೆ ಬಂದುಬಿಡುತ್ತೇವೆ ಎಂದು ಅವನು ಹೇಳಿದ. ಅಣ್ಣ ಫೋನ್ ಹಿಡಿದುಕೊಂಡೇ ಎದ್ದು ನಿಂತುಬಿಟ್ಟ. "ಬೇಡ ಬೇಡ, ನಾಳೆ ನಾನೇ ಬರ್ತೀನಿ" ಎಂದ.

ಅವರು ಮನೆಗೆ ಬಂದರೆ ಅಣ್ಣ ಗೋಡೆ ಹಿಡಿದು ನಡೆಯುವುದನ್ನು ನೋಡುತ್ತಾರೆ. ಅಷ್ಟೇ ವಿಷಯ. ನಾನೇ ಆಟೋದಲ್ಲಿ ಹೋಗಿ ತರುತ್ತೇನೆ ಎಂದೆ. "ನೀನು ತಂದ್ರೆ ಯಜಮಾನ ಯಾರು?" ಎಂದ. ಅವರಿಗೆ ಗೊತ್ತು ಕಣೋ ಎಂಬ ಮಾತು ನಾಲಗೆಯ ತುದಿಗೆ ಬಂತು. ನುಂಗಿದೆ. ಇಪ್ಪತ್ತೈದು ವರ್ಷದ ಹೆಮ್ಮೆಯನ್ನು ಅಂಗಳದಲ್ಲಿ ನಿಂತುಕೊಂಡು ಒಂದು ವಾಕ್ಯದಲ್ಲಿ ಮುಗಿಸಲು ನನ್ನಿಂದಾಗಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಏಳು ಕಿಲೋಮೀಟರ್ ದಾರಿ. ರಿವರ್ಸ್ ಗೇರು ಹಿಟ್ಟಿನ ಗಿರಣಿಯ ಹಾಗೆ ಕಿರುಚುತ್ತಿತ್ತು. ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು. ಹಿಂದೆ ಬಸ್ಸು ಹಾರನ್ ಒತ್ತಿ ಹಿಡಿದೇ ಬಿಟ್ಟಿತ್ತು. ಬೈಕಿನಲ್ಲಿ ಬಂದ ಇಬ್ಬರು ಮೊಬೈಲ್ ಹಿಡಿದು, "ಅಂಕಲ್, ಗಾಡಿ ಸಕತ್ತಾಗಿದೆ!" ಎಂದು ಕೂಗಿ ಮುಂದೆ ಹೋದರು. ಅಣ್ಣ ಅವರಿಗೆ ಕೈಯೆತ್ತಿದ. ಐದು ವಾರದಲ್ಲಿ ಅವನ ಮುಖದಲ್ಲಿ ಬೆಳಕು ಕಂಡದ್ದು ಆಗಲೇ. "ಹೋಗ್ತಾ ಐತಲ್ಲ ನೋಡು! ಸುಮ್ನೆ ಹೆದರಿಸ್ತಾರೆ ಜನ" ಎಂದ. ನಾನು ಹ್ಞೂಂ ಎಂದೆ. ಕೈಗಳೆರಡನ್ನೂ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ.

ಊರು ಕಾಣಿಸಿತು. ಆ ಮನೆ ಊರಿಗೆ ಮೊದಲನೆಯದು, ಅದರ ಸುಣ್ಣದ ಗೋಡೆಯೂ ಕಾಣಿಸಿತು. ಅಲ್ಲಿ ಗೇರ್‌ಬಾಕ್ಸಿನೊಳಗೆ ಲಟಕ್ಕೆಂದು ಸದ್ದಾಗಿ, ಆಮೇಲೆ ಕಲ್ಲು ಅರೆಯುವ ಸದ್ದು ಬಂದು, ಗಾಡಿ ನಿಂತಿತು. ಎಂಜಿನ್ ಓಡುತ್ತಿದೆ, ಚಕ್ರ ಸುತ್ತುತ್ತಿಲ್ಲ. ಮುಂದಕ್ಕೆ ಇದ್ದ ಒಂದೇ ಗೇರೂ ಹೋಗಿತ್ತು. ಉಳಿದದ್ದು ಹಿಂದಕ್ಕೆ ಹೋಗುವ ನಾಲ್ಕು.

"ಫೋನ್ ಮಾಡ್ತೀನಿ, ಅವ್ರೇ ಬಂದು ಸೀರೆ ಕೊಡ್ತಾರೆ, ಆಮೇಲೆ ಟ್ರ್ಯಾಕ್ಟರ್ ಕರೆಸೋಣ" ಎಂದೆ.

"ಯಾರ್ನೂ ಕರೀಬೇಡ" ಎಂದ. ಟ್ರ್ಯಾಕ್ಟರಿಗೆ ಕಟ್ಟಿದರೆ ಇಳಿ ಎನ್ನುತ್ತಾರೆ, ಅದು ಅವನಿಗೆ ಗೊತ್ತಿತ್ತು. "ನಮ್ಮನೆ ಹಿಂದ್ಗಡೆ ತಾನೇ ಇರೋದು? ಹಿಂಗೇ ಹೋಗ್ಬಿಡ್ತೀನಿ. ನೀನು ಕೆಳಗಿಳಿದು ದಾರಿ ತೋರ್ಸು."

ಏಳು ಕಿಲೋಮೀಟರ್ ಹಿಮ್ಮುಖವಾಗಿ! ಆಗಲೇ ನಾನು ಗಟ್ಟಿಯಾಗಿ ಇಲ್ಲ ಎನ್ನಬೇಕಿತ್ತು. ಆದರೆ ಅವನು ಅಷ್ಟು ಬೇಡಿಕೊಳ್ಳುವ ಕಣ್ಣಿನಿಂದ ನನ್ನನ್ನು ನೋಡಿದ್ದು ನೆನಪಿಲ್ಲ. ಇಳಿದೆ. ಗಾಡಿಯ ಹಿಂದೆ ನಿಂತು, ಕೈಯಾಡಿಸುತ್ತಾ, ಬಾ ಬಾ ಎನ್ನುತ್ತಾ, ನಾನೂ ಹಿಂದೆ ಹಿಂದೆ ಹೆಜ್ಜೆ ಇಟ್ಟೆ. ಅರ್ಧ ಫರ್ಲಾಂಗು ಹೋಗಿರಬಹುದು. ನನ್ನ ಬೆನ್ನ ಹಿಂದಿನಿಂದ ಜಲ್ಲಿ ತುಂಬಿದ ಟಿಪ್ಪರ್ ಬಂತು. ನಿಲ್ಲಿಸು ಎಂದು ಅದರ ಕಡೆ ತಿರುಗಿ ಒಂದು ಕೈ ಎತ್ತಿದೆ. ಇನ್ನೊಂದು ಕೈ ಅಭ್ಯಾಸಬಲದಿಂದ ಬಾ ಬಾ ಎನ್ನುತ್ತಲೇ ಇತ್ತು. ನಾನು ಮತ್ತೆ ಈ ಕಡೆ ನೋಡುವಷ್ಟರಲ್ಲಿ ಹಿಂದಿನ ಎಡಚಕ್ರ ರಸ್ತೆಯಂಚಿನ ಚರಂಡಿಗೆ ಜಾರಿ, ಗಾಡಿ ಓರೆಯಾಗಿ, ಅಣ್ಣನ ಬಾಗಿಲು ಮೇಲಕ್ಕೆದ್ದು ನಿಂತಿತ್ತು.

ಸದ್ದು ಕೇಳಿ ಊರ ಕಡೆಯಿಂದ ಮೂವರು ಓಡಿ ಬಂದರು. ಮುಂದೆ ಆ ಮನೆಯ ಮಗ. ತುಂಬಾ ಹಿಂದೆ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಅವನ ತಾಯಿ. ಅಣ್ಣ ಒಳಗಿನಿಂದ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಹಗ್ಗ ತರ್ರಪ್ಪ. ನಾನು ಒಳಗೇ ಇರ್ತೀನಿ, ಸ್ಟೇರಿಂಗ್ ಹಿಡ್ಕೋಬೇಕು" ಎಂದು ಯಜಮಾನನ ದನಿಯಲ್ಲೇ ಹೇಳಿದ.

"ಗಾಡಿ ಮಗುಚ್ಕೊಂಡ್ರೆ ಏನ್ಮಾಡ್ತೀರಾ ಸಾರ್, ಇಳೀರಿ ಮೊದ್ಲು" ಎಂದು ಮಗ ಬಾಗಿಲಿಗೆ ಕೈಹಾಕಿದ. ನಾನು ಅವನ ಮುಂಗೈ ಹಿಡಿದುಕೊಂಡೆ. "ಇರ್ಲಿ ಬಿಡಪ್ಪ, ಅವ್ರು ಒಳಗೇ ಇರ್ಲಿ" ಎಂದೆ. ಎಷ್ಟು ಪೆದ್ದು ಮಾತು ಎಂದು ನನಗೇ ಕೇಳಿಸಿತು. ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ.

ಆಗ ಇಪ್ಪತ್ತು ಹೆಜ್ಜೆ ಆಚೆಯಿಂದ ಅವನ ತಾಯಿ ಏದುಸಿರಿನಲ್ಲೇ ಕೂಗಿದಳು: "ಎಡಗಾಲು ಹುಷಾರು ಕಣೋ! ಮಂಡಿ ಕೆಳಕ್ಕೆ ಕೈ ಕೊಟ್ಟು ಎತ್ತು, ಕಬ್ಬಿಣ ಒತ್ತುತ್ತದೆ!"

ಬಾಗಿಲು ಇನ್ನೂ ತೆರೆದಿರಲಿಲ್ಲ.

ಅಣ್ಣ ಅವಳನ್ನು ನೋಡಲಿಲ್ಲ. ಕಿಟಕಿಯಿಂದ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ, ಅದೇ ಉತ್ತರವಾಯಿತು. ಅವನು ಬಾಗಿಲಿನಿಂದ ಕೈ ತೆಗೆದ. ಇಬ್ಬರು ಗಂಡಸರು ಅವನನ್ನು ಮಗುವಿನಂತೆ ಎತ್ತಿ ಇಳಿಸಿದರು. ಎತ್ತರದ ಬೂಟು ಗಾಳಿಯಲ್ಲಿ ತೂಗಿತು, ಪ್ಯಾಂಟು ಮೇಲೆ ಸರಿದು ಕಬ್ಬಿಣದ ಪಟ್ಟಿ ಕಾಣಿಸಿತು. ಯಾರೂ ಅದನ್ನು ನೋಡಲಿಲ್ಲ. ನೋಡದೆ ಇರುವುದು ಆ ಊರಿಗೆ ಎಷ್ಟು ಚೆನ್ನಾಗಿ ರೂಢಿಯಾಗಿತ್ತೆಂದರೆ, ನನಗೆ ಅಲ್ಲೇ ಅಳು ಬಂತು.

"ಯಾವಾಗ ಹೇಳ್ದೆ?" ಎಂದ ಅಣ್ಣ, ರಸ್ತೆಯಂಚಿನ ಮೈಲಿಗಲ್ಲಿನ ಮೇಲೆ ಕೂತ ಮೇಲೆ.

"ಮೊದಲ್ನೇ ವರ್ಷ."

ಮೇಲೆ ಸರಿದಿದ್ದ ಪ್ಯಾಂಟನ್ನು ಕೆಳಕ್ಕೆ ಎಳೆದುಕೊಂಡ. "ಹಂಗಾದ್ರೆ ಇಷ್ಟು ವರ್ಷ ಬಿಸ್ಲಲ್ಲಿ ಗಾಡಿ ಒಳಗೆ ನಾನು ಸುಮ್ಸುಮ್ನೆ ಬೇಯ್ತಾ ಕೂತಿದ್ನಾ?" ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ನಿನಗೋಸ್ಕರವೇ ಹೇಳಿದೆ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು.

ಆ ಹೆಂಗಸು ಹತ್ತಿರ ಬಂದು, "ಬಾರಪ್ಪ ಒಳಕ್ಕೆ. ಒಂದಿನಾನಾದ್ರೂ ನಮ್ ಮಗ್ಗ ನೋಡ್ಬಾರ್ದಾ ನೀನು?" ಎಂದಳು.

ಅಣ್ಣ ಎದ್ದ. ನಾನು ಪಕ್ಕಕ್ಕೆ ಹೋಗಿ ಭುಜ ಕೊಟ್ಟು ನಿಂತೆ, ಹುಟ್ಟಿದಾಗಿನಿಂದ ನಿಲ್ಲುವ ಹಾಗೆ. ಅವನು ಆಚೆ ಕೈ ಚಾಚಿ ಆ ಮಗನ ಭುಜ ಹಿಡಿದುಕೊಂಡ. ಹಾಡುಹಗಲಲ್ಲಿ, ನಡುರಸ್ತೆಯಲ್ಲಿ, ಟಕ್ ಟಕ್ ಎಂದು ಕಾಲೆಳೆಯುತ್ತಾ ಆ ಮನೆಯ ಕಡೆ ನಡೆದ. ನನ್ನನ್ನು ಬಾ ಎನ್ನಲಿಲ್ಲ. ತಿರುಗಿಯೂ ನೋಡಲಿಲ್ಲ. ನಾನು ಗಾಡಿಯ ಹತ್ತಿರ ಉಳಿದೆ. ಟಿಪ್ಪರಿನವನು ಹಾರನ್ ಹೊಡೆಯುತ್ತಿದ್ದ. ಎಂಜಿನ್ ಇನ್ನೂ ಓಡುತ್ತಲೇ ಇತ್ತು, ಅದನ್ನು ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.